ಕಂಬನಿಗೆ ಎಲ್ಲಿಯ ಗಡಿ?

ಊರಿನಲ್ಲಿ ಒಂದು ದುರ್ಮರಣವಾಯಿತೆಂದರೆ ನಮ್ಮ ಪೇಟೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಹೋದವನು ನಮ್ಮ ಹುಡುಗ, ಉಳಿದ ಲೋಕದ ಗೊಡವೆ ನಮಗೇಕೆ?" ಎನ್ನುವವರು ಒಂದು ಕಡೆ. "ಲೋಕದಲ್ಲಿ ದಿನಾ ಸಾವಿರ ಜನ ಸಾಯುತ್ತಾರೆ, ಒಬ್ಬನಿಗಾಗಿ ಇಷ್ಟೊಂದು ಅಳುವುದೇಕೆ?" ಎನ್ನುವ ಜಾಣರು ಇನ್ನೊಂದು ಕಡೆ. ಮೊದಲನೆಯ ಮಾತಿನಲ್ಲಿ ಪ್ರೀತಿಯಿದೆ, ದೃಷ್ಟಿಯಿಲ್ಲ. ಎರಡನೆಯದರಲ್ಲಿ ಲೆಕ್ಕವಿದೆ, ಕರುಳಿಲ್ಲ. ದುಡಿಯುವ ಜನಕ್ಕೆ ಇವೆರಡೂ ಸಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳೋಣ. ೨೦೨೨ರ ಮಾರ್ಚ್ ೧ರಂದು ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್ ನಗರದಲ್ಲಿ ರಷ್ಯದ ದಾಳಿಗೆ ಬಲಿಯಾದ. ನೆಲಮಾಳಿಗೆಯಲ್ಲಿ ಅಡಗಿದ್ದವರಿಗೆ ತಿನ್ನಲು ತರಬೇಕೆಂದು ಹೊರಗೆ ಬಂದು ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದ. ಶವ ಊರಿಗೆ ಬರಲು ಇಪ್ಪತ್ತು ದಿನ ಹಿಡಿಯಿತು. ಮಾರ್ಚ್ ೨೧ರಂದು ಅದು ಬೆಂಗಳೂರಿಗೆ ಬಂದಾಗ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ವಿಮಾನ ನಿಲ್ದಾಣಕ್ಕೆ ಹೋದರು. ಚಳಗೇರಿಯಲ್ಲಿ ಜನ ಕಿಕ್ಕಿರಿದು ನೆರೆಯಿತು. ಜಿಲ್ಲೆಗೆ ಜಿಲ್ಲೆಯೇ ಮರುಗಿತು. ಮರುಗಿದ್ದು ಸರಿ. ಹೆತ್ತವರ ಆ ಸಂಕಟದ ಎದುರು ಲೋಕದ ಲೆಕ್ಕ ಒಪ್ಪಿಸುವವನು ಮನುಷ್ಯನಲ್ಲ.

ಆದರೆ ಆ ಸರದಿಯಲ್ಲಿ ಅವನ ಹಿಂದೆ ಮುಂದೆ ನಿಂತವರು ಯಾರು? ಖಾರ್ಕಿವಿನ ಮುದುಕಿಯರು, ಕೂಲಿಗಳು, ಮಕ್ಕಳೊಂದಿಗರು. ಅವರೂ ರೊಟ್ಟಿಗೆಂದೇ ಬಂದವರು. ನಮ್ಮ ಸರಕಾರ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಭಾರತೀಯರನ್ನು ಆ ದೇಶದಿಂದ ಕರೆತಂದಿತು. ಖಾರ್ಕಿವಿನ ಬಡವರನ್ನು ಕರೆದೊಯ್ಯಲು ಯಾವ ವಿಮಾನವೂ ಬರಲಿಲ್ಲ. ನಮ್ಮ ಹುಡುಗನಿಗಾಗಿ ಅಳುವಾಗ ಅವನ ಜೊತೆ ಸರದಿಯಲ್ಲಿ ನಿಂತವರನ್ನು ನೆನೆಯುವುದರಿಂದ ನಮ್ಮ ದುಃಖ ಕಡಿಮೆಯಾಗುವುದಿಲ್ಲ. ಅದು ಯಾರ ಮೇಲಿನ ಸಿಟ್ಟಾಗಬೇಕೆಂಬುದು ತಿಳಿಯುತ್ತದೆ, ಅಷ್ಟೇ.

ಅಂಗಡಿಕಾರ ಬಂಧುಗಳಿಗೆ ಒಂದು ಮಾತು. ಉಕ್ರೇನ್ ಎಲ್ಲಿದೆಯೆಂದು ಅಲ್ಲಿಯವರೆಗೆ ಕೇಳದವರಿಗೂ ಆ ಮಾರ್ಚಿನಲ್ಲಿ ಅದು ಗೊತ್ತಾಯಿತು. ಸೂರ್ಯಕಾಂತಿ ಎಣ್ಣೆಯ ಡಬ್ಬಿಯ ದರ ಏರಿದಾಗ ಗೊತ್ತಾಯಿತು. ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲೀಬಾರು ನಡೆದು ಇಬ್ಬರು ಅಸುನೀಗಿದರು. ಆ ವರ್ಷ ಜಗತ್ತಿನ ಪೇಟೆಯಲ್ಲೇ ಗೊಬ್ಬರದ ದರ ಗಗನಕ್ಕೇರಿತ್ತು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕಡಲಾಚೆಗೆ ಹೋಗುತ್ತದೆ, ಅಲ್ಲಿಯ ಬೇಡಿಕೆ ನಮ್ಮ ಪೇಟೆಯ ದರಕ್ಕೆ ತಾಗುತ್ತದೆ. ವ್ಯಾಪಾರಕ್ಕೆ ಲೋಕವೆಲ್ಲ ಒಂದೇ, ಕಂಬನಿಗೆ ಮಾತ್ರ ತಾಲೂಕಿನ ಗಡಿ! ಇದು ಯಾವ ನ್ಯಾಯ?

ಇನ್ನೂ ದೂರದ ಮಾತು ನೋಡಿ. ಸುಡಾನೆಂದರೆ ನಮಗೇನು ಸಂಬಂಧ ಎನ್ನಬಹುದು. ೨೦೨೩ರ ಏಪ್ರಿಲಿನಲ್ಲಿ ಅಲ್ಲಿ ಇಬ್ಬರು ಸೇನಾನಿಗಳು ಗದ್ದುಗೆಗಾಗಿ ಕಾದಾಟಕ್ಕಿಳಿದಾಗ ಎಲ್ ಫಶೇರ್ ಎಂಬ ಊರಿನಲ್ಲಿ ಸಿಕ್ಕಿಕೊಂಡವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರಿದ್ದರು. ಗಿಡಮೂಲಿಕೆಯ ಎಣ್ಣೆ ಮಾರಿ ಹೊಟ್ಟೆ ಹೊರೆಯಲು ಅಷ್ಟು ದೂರ ಹೋದವರು. ಅವರು ಮರಳಿ ಬಂದರು. ನಾವು ನಿಟ್ಟುಸಿರಿಟ್ಟು ಸುಡಾನನ್ನು ಮರೆತೆವು. ಅದೇ ಎಲ್ ಫಶೇರ್ ಸುಮಾರು ಒಂದೂವರೆ ವರ್ಷದ ಮುತ್ತಿಗೆಯಲ್ಲಿ ಹಸಿದು, ೨೦೨೫ರ ಅಕ್ಟೋಬರಿನಲ್ಲಿ ಶತ್ರುಪಡೆಯ ವಶವಾಯಿತು. ಆಸ್ಪತ್ರೆಯಲ್ಲಿದ್ದವರನ್ನೂ ಬಿಡದೆ ಕೊಂದರು. ನಮ್ಮವರಿಗೆ ನೀರು ಕೊಟ್ಟವರು, ಎಣ್ಣೆ ಕೊಂಡವರು ಆ ಸತ್ತವರಲ್ಲಿ ಇದ್ದಿರಬಾರದೇ?

ಇನ್ನು ಜಾಣರ ವಾದಕ್ಕೆ ಉತ್ತರ. ೧೯೪೩ರ ಏಪ್ರಿಲ್ ೧ರಂದು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಬ್ರಿಟಿಷರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಮಡಿದರು. ಅದೇ ವರ್ಷ, ಅದೇ ಸಾಮ್ರಾಜ್ಯದ ಆಳ್ವಿಕೆಯಲ್ಲಿ ಬಂಗಾಳದ ಕ್ಷಾಮಕ್ಕೆ ಸುಮಾರು ಮೂವತ್ತು ಲಕ್ಷ ಜನ ಬಲಿಯಾದರು. ಹಾಗಾದರೆ ಮೂವರಿಗೆ ಹಾವೇರಿಯಲ್ಲಿ ವೀರಸೌಧ ಕಟ್ಟಿದ್ದು ತಪ್ಪೇ? ಖಂಡಿತ ಅಲ್ಲ. ಮೂವತ್ತು ಲಕ್ಷವೆಂಬ ಸಂಖ್ಯೆಗೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಹೆಸರುಳ್ಳ ಮೂವರಿಗೆ ಆಗುತ್ತದೆ. ಆದರೆ ಮೂವರನ್ನು ಕೊಂದ ದರ್ಬಾರೇ ಆ ಲಕ್ಷಾಂತರ ಜನರನ್ನು ಹಸಿವಿಗೆ ಬಿಟ್ಟಿತೆಂಬುದನ್ನು ಮಕ್ಕಳಿಗೆ ಹೇಳದಿದ್ದರೆ ಆ ಸ್ಮಾರಕಕ್ಕೆ ಹಾಕಿದ ಹೂವಿನ ಹಾರ ಬಾಡಿದಂತೆಯೇ.

ಲೋಕದ ದೃಷ್ಟಿ ಬೇಕಾದದ್ದು ದೂರದವರ ವಿಷಯಕ್ಕೆ ಮಾತ್ರವಲ್ಲ. ೨೦೨೪ರ ಜೂನ್ ೨೮ರ ನಸುಕಿನಲ್ಲಿ ನಮ್ಮದೇ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಹೆದ್ದಾರಿಯಲ್ಲಿ ನಿಂತ ಲಾರಿಗೆ ವಾಹನ ಅಪ್ಪಳಿಸಿ ಹದಿಮೂರು ಜನ ಸತ್ತರು. ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು. ದೇವರಿಗೆ ಹೋಗಿ ಬರುತ್ತಿದ್ದವರು. ೨೦೨೩ರ ಅಕ್ಟೋಬರ್ ೭ರಂದು ಅತ್ತಿಬೆಲೆಯ ಪಟಾಕಿ ಅಂಗಡಿಯಲ್ಲಿ ಹತ್ತಕ್ಕೂ ಹೆಚ್ಚು ಜನ ಬೆಂದುಹೋದರು. ಹೆಚ್ಚಿನವರು ತಮಿಳುನಾಡಿನಿಂದ ಕೂಲಿಗೆ ಬಂದ ಹುಡುಗರು. ಅದಕ್ಕೆ ಎಂಟೇ ದಿನ ಮೊದಲು ಕಾವೇರಿಗಾಗಿ ಕರ್ನಾಟಕ ಬಂದ್ ಆಗಿತ್ತು. ನೀರಿನ ಜಗಳದಲ್ಲಿ ಅವರು ಪರರು. ನಮ್ಮ ಹಬ್ಬದ ಪಟಾಕಿಯ ಪೆಟ್ಟಿಗೆ ಹೊರುವಾಗ ಪರರಾಗಿರಲಿಲ್ಲ. ಕುಲದ ಗೋಡೆಯನ್ನು ಪ್ರಶ್ನಿಸಿದ ಕನಕದಾಸರ ಕಾಗಿನೆಲೆ ಇರುವುದು ನಮ್ಮ ತಾಲೂಕಿನಲ್ಲೇ ಎಂಬುದನ್ನು ನಾವು ಮರೆಯಬಾರದು.

ದುಃಖ ಗಡಿ ದಾಟಿದರೆ ಏನು ಫಲ? ಫಲವಿದೆ. ೨೦೧೩ರ ಏಪ್ರಿಲ್ ೨೪ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು ೧,೧೩೪ ಜನ ಸತ್ತರು. ಬಟ್ಟೆ ಹೊಲಿಯುವ ಕಾರ್ಮಿಕರೇ ಬಹಳ. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಆದರೂ ಒಳಗೆ ಕಳಿಸಿದರು. ಅವರು ಹೊಲಿದ ಅಂಗಿ ತೊಡುವ ಯುರೋಪಿನ ಜನ ಅತ್ತು ಸುಮ್ಮನಾಗಲಿಲ್ಲ, ಅಂಗಡಿಗಳನ್ನು ಪ್ರಶ್ನಿಸಿದರು. ಕಾರ್ಮಿಕ ಸಂಘಗಳು ಪಟ್ಟು ಹಿಡಿದವು. ಮರುತಿಂಗಳೇ ದೊಡ್ಡ ಕಂಪನಿಗಳು ಕಾರ್ಖಾನೆಗಳ ಸುರಕ್ಷತೆಗೆ ಕಾಯಿದೆಬದ್ಧ ಕರಾರಿಗೆ ಸಹಿ ಹಾಕಬೇಕಾಯಿತು. ಮೇ ದಿನವೂ ೧೮೮೬ರ ಶಿಕಾಗೋದ ಸಾವುಗಳ ನೆನಪಲ್ಲವೇ? ಗಿರಣಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಚಳಗೇರಿಯ ಆ ಕುಟುಂಬ ನಮಗೆಲ್ಲ ದಾರಿ ತೋರಿತು. ಅಂತ್ಯವಿಧಿ ಮುಗಿಸಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿತು. ಯಾರ ಮಕ್ಕಳೋ ಕಲಿಯಲೆಂದು. ಪಿಯುಸಿಯಲ್ಲಿ ಶೇಕಡಾ ೯೭ ಅಂಕ ಬಂದರೂ ಇಲ್ಲಿ ಸೀಟು ಸಿಗದೆ ಹೋಯಿತು, ಕೋಟಿ ಕೊಡಬೇಕಾಗುತ್ತದೆ ಎಂದು ತಂದೆ ಬಹಿರಂಗವಾಗಿಯೇ ಹೇಳಿದರು. ಪುಷ್ಪಹಾರ ಹಿಡಿದು ಬಂದ ಎಷ್ಟು ಜನ ಮುಖಂಡರು ಆ ಪ್ರಶ್ನೆಯನ್ನು ಕೈಗೆತ್ತಿಕೊಂಡರು?

ಆದ್ದರಿಂದ ನಮ್ಮ ಸೂಚನೆ ಇಷ್ಟು. ಸಂತಾಪ ಸಭೆಯಲ್ಲಿ ಎರಡು ನಿಮಿಷ ಮೌನವಾಗಿ ನಿಂತು ಚದುರುವುದು ಸಾಲದು. ಸತ್ತದ್ದು ಯಾವ ಕಾರಣಕ್ಕೆ, ಅದೇ ಕಾರಣಕ್ಕೆ ಬೇರೆಲ್ಲಿ ಯಾರು ಸತ್ತರು, ಅದನ್ನು ತಡೆಯಬೇಕಾದವರು ಯಾರು ಎಂಬ ಮೂರು ಮಾತು ಪ್ರತಿ ಠರಾವಿನಲ್ಲಿ ಇರಲಿ. ಶೋಕದ ಹೆಸರಿನಲ್ಲಿ ಇಡೀ ದಿನ ಪೇಟೆ ಮುಚ್ಚಿಸುವುದು ಬೇಡ. ಹಮಾಲನ ಅಂದಿನ ಕೂಲಿ ಹೋಗುತ್ತದೆ, ಅವನ ಮನೆಯ ಒಲೆ ಆರುತ್ತದೆ. ಒಂದು ತಾಸು ಕೆಲಸ ನಿಲ್ಲಿಸಿ ಎಲ್ಲರೂ ಕೂಡೋಣ. ಮುಚ್ಚದೆ ಉಳಿಸಿದ ಗಳಿಕೆಯಲ್ಲಿ ಪಾಲು ಕೊಡಬಲ್ಲವರು ಕೊಡಲಿ, ಅದು ಸತ್ತವರ ಮನೆಗೆ ಹೋಗಲಿ.

ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ನೆರೆಯವರು ರೊಟ್ಟಿ ಬುತ್ತಿ ಒಯ್ಯುವುದು ನಮ್ಮ ಸೀಮೆಯ ರೂಢಿ. ಜಾತಿ ಕೇಳಿ ಬುತ್ತಿ ಕಟ್ಟಬಾರದೆಂದು ನಾವು ಹೇಳುತ್ತ ಬಂದಿದ್ದೇವೆ. ಇನ್ನು ಮುಂದೆ ದೇಶ ಕೇಳಿಯೂ ಕಟ್ಟಬಾರದು.