ಚದುರಂಗ ಕ್ರೀಡೆ ಹೌದು, ವ್ಯಾಯಾಮ ಹೌದೇ?

ಕಳೆದ ವರ್ಷ ಜೂನ್ ತಿಂಗಳಲ್ಲಿ, ಶಾಲೆಗಳು ಆಗಷ್ಟೇ ಶುರುವಾಗಿದ್ದಾಗ, ತಂದೆಯೊಬ್ಬರು ತಮ್ಮ ಹದಿನಾಲ್ಕು ವರ್ಷದ ಮಗನನ್ನು ನನ್ನ ಕ್ಲಿನಿಕ್ಕಿಗೆ ಕರೆತಂದರು. ಹುಡುಗನಿಗೆ ಕಾಯಿಲೆ ಏನೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಸರ್ಟಿಫಿಕೇಟ್.

"ಇವನು ಚೆಸ್ ಆಟಗಾರ ಡಾಕ್ಟ್ರೇ. ಜಿಲ್ಲಾ ಮಟ್ಟದಲ್ಲಿ ಗೆದ್ದಿದ್ದಾನೆ. ಪಿ.ಟಿ. ಪೀರಿಯಡ್ಡಿನಲ್ಲಿ ಚೆಸ್ ಪ್ರಾಕ್ಟೀಸ್ ಮಾಡಿಕೊಳ್ಳಲಿ ಅಂತ ನಮ್ಮ ಆಸೆ. ಡಾಕ್ಟರ ಚೀಟಿ ತಂದರೆ ಬಿಡುತ್ತೇವೆ ಎಂದು ಶಾಲೆಯವರು ಹೇಳಿದ್ದಾರೆ. ಬೆನ್ನುನೋವು ಅಂತ ಏನಾದರೂ ಬರೆದುಕೊಡಿ" ಎಂದರು.

"ಮಕ್ಕಳು ಬಯಲಿನಲ್ಲಿ ಆಡಬೇಡವೇ?" ಎಂದೆ.

"ಅಯ್ಯೋ, ಅವನು ಸ್ಪೋರ್ಟ್ಸ್‌ನಲ್ಲೇ ಇದ್ದಾನಲ್ಲ ಸಾರ್!" ಎಂದರು.

ನನ್ನ ಕ್ಲಿನಿಕ್ ಇರುವುದು ಮೊದಲನೆಯ ಮಹಡಿಯಲ್ಲಿ. ಒಂದು ಅಂತಸ್ತು ಹತ್ತಿ ಬಂದ ಆ ಕ್ರೀಡಾಪಟು ಐದು ನಿಮಿಷವಾದರೂ ಏದುಸಿರು ಬಿಡುತ್ತಿದ್ದ. ತೂಕ ನೋಡಿದೆ, 74 ಕೆ.ಜಿ. ಎತ್ತರ 158 ಸೆಂ.ಮೀ. ರಕ್ತದೊತ್ತಡ ಆ ವಯಸ್ಸಿಗೆ ಇರಬೇಕಾದುದಕ್ಕಿಂತ ಹೆಚ್ಚಿತ್ತು. ಕತ್ತಿನ ಹಿಂಭಾಗದಲ್ಲಿ ಕಪ್ಪಾದ, ದಪ್ಪನೆಯ ಚರ್ಮದ ಪಟ್ಟಿ. "ಎಷ್ಟು ಉಜ್ಜಿದರೂ ಹೋಗುವುದಿಲ್ಲ" ಎಂದು ತಾಯಿ ಬೇಸರಪಟ್ಟುಕೊಂಡಿದ್ದರಂತೆ. ಅದು ಕೊಳೆಯಲ್ಲ. ಸ್ಥೂಲಕಾಯದ ಮಕ್ಕಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದನ್ನು ಚರ್ಮ ಹೀಗೆ ತೋರಿಸುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದು ಎಂಬುದಕ್ಕೆ ಅದೊಂದು ಮುನ್ಸೂಚನೆ.

ನಾನು ಸರ್ಟಿಫಿಕೇಟ್ ಕೊಡಲಿಲ್ಲ. ತಂದೆ ಮುನಿಸಿಕೊಂಡೇ ಹೋದರು. ಆದರೆ ಅವರ ಮಾತು ತಲೆಯಲ್ಲಿ ಉಳಿಯಿತು. ಚದುರಂಗ ಕ್ರೀಡೆಯೇ? ಕ್ರೀಡೆ ಎಂದರೆ ಏನು?

ಒಂದೇ ಆಟ, ಎರಡು ತೀರ್ಪು

ಚದುರಂಗ ಕ್ರೀಡೆಯಲ್ಲ ಎಂದು ವಾದಿಸಲು ನಾನು ಹೊರಟಿಲ್ಲ. ಮ್ಯಾನ್ಯುಯೆಲ್ ಆರನ್ ಅವರಿಗೆ ಚದುರಂಗಕ್ಕಾಗಿ ಅರ್ಜುನ ಪ್ರಶಸ್ತಿ ಬಂದದ್ದು 1961ರಲ್ಲಿ, ಆ ಪ್ರಶಸ್ತಿ ಆರಂಭವಾದ ವರ್ಷವೇ. 1991-92ರ ಮೊಟ್ಟಮೊದಲ ಖೇಲ್ ರತ್ನ ಸಂದದ್ದು ವಿಶ್ವನಾಥನ್ ಆನಂದ್ ಅವರಿಗೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲಿ ವಿಶ್ವ ಚದುರಂಗ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟಿತು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಚದುರಂಗಕ್ಕೆ ಪದಕಗಳಿದ್ದವು. ಕೇಂದ್ರ ಸರ್ಕಾರಿ ನೌಕರಿಯ ಕ್ರೀಡಾ ಕೋಟಾದಲ್ಲಿ ಚೆಸ್, ಕೇರಂ ಎರಡಕ್ಕೂ ಜಾಗವಿದೆ. ಇಷ್ಟೆಲ್ಲ ಆದ ಮೇಲೆ ಒಬ್ಬ ವೈದ್ಯ ಎದ್ದುನಿಂತು "ಅಲ್ಲ" ಎಂದರೆ ಕೇಳುವವರಾರು?

ಆದರೆ ಈ ಪ್ರಶ್ನೆಗೆ ಎಲ್ಲ ಕಡೆ ಒಂದೇ ಉತ್ತರ ಸಿಕ್ಕಿಲ್ಲ. ಇಂಗ್ಲೆಂಡಿನ ಬ್ರಿಜ್ ಸಂಘದವರು ತಮ್ಮ ಇಸ್ಪೀಟು ಸ್ಪರ್ಧೆಗಳೂ ಕ್ರೀಡೆಯೇ, ತೆರಿಗೆ ವಿನಾಯಿತಿ ಕೊಡಿ ಎಂದು ಕೋರ್ಟಿಗೆ ಹೋದರು. ದೈಹಿಕ ಅಂಶ ನಗಣ್ಯವಾಗಿರುವ ಆಟ ಆ ತೆರಿಗೆ ಕಾನೂನಿನ ಅರ್ಥದಲ್ಲಿ ಕ್ರೀಡೆಯಾಗದು ಎಂದು ಯೂರೋಪಿನ ನ್ಯಾಯಾಲಯ 2017ರ ಅಕ್ಟೋಬರಿನಲ್ಲಿ ಹೇಳಿತು. ಮರುವರ್ಷವೇ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ಬ್ರಿಜ್ ಆಟದಲ್ಲಿ ನಮ್ಮ ಪ್ರಣಬ್ ಬರ್ಧನ್ ಮತ್ತು ಶಿವನಾಥ್ ಸರ್ಕಾರ್ ಚಿನ್ನ ಗೆದ್ದರು. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56! ಲಂಡನ್ನಿನ ತೆರಿಗೆ ಅಧಿಕಾರಿಗೆ ಕ್ರೀಡೆಯಲ್ಲದ್ದು ಜಕಾರ್ತಾದಲ್ಲಿ ಚಿನ್ನದ ಪದಕ.

ಅಂತಾರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಜಾಗತಿಕ ಸಂಘಟನೆಯೊಂದು ಹಿಂದೆ ಒಂದು ವ್ಯಾಖ್ಯೆ ಮಾಡಿಕೊಂಡಿತ್ತು. ಸ್ಪರ್ಧೆ ಇರಬೇಕು, ಅದೃಷ್ಟವನ್ನು ನಂಬಿ ಆಡುವಂತಿರಬಾರದು, ಆಟಗಾರರ ಆರೋಗ್ಯಕ್ಕೆ ಮಿತಿಮೀರಿದ ಅಪಾಯ ಇರಬಾರದು, ಯಾವ ಜೀವಿಗೂ ಹಾನಿಯಾಗಬಾರದು, ಆಟದ ಸಾಮಗ್ರಿ ಒಬ್ಬನೇ ತಯಾರಕನ ಕೈಯಲ್ಲಿರಬಾರದು. ಗಮನಿಸಿ, ಇದರಲ್ಲಿ ಬೆವರಿನ ಮಾತೇ ಇಲ್ಲ. ನಮ್ಮ ಕರಾವಳಿಯ ಕಂಬಳದಲ್ಲಿ ಓಡುವವನ ದೇಹಶ್ರಮವನ್ನು ಯಾರೂ ಪ್ರಶ್ನಿಸಲಾರರು. ಕೆಸರುಗದ್ದೆಯಲ್ಲಿ ಕೋಣಗಳ ಜೊತೆ ನೂರಕ್ಕೂ ಹೆಚ್ಚು ಮೀಟರ್ ಓಡುವುದು ಹುಡುಗಾಟವಲ್ಲ. ಆದರೂ ಕಂಬಳದ ವ್ಯಾಜ್ಯ ವರ್ಷಗಟ್ಟಲೆ ನಡೆದದ್ದು ಕೋಣಗಳಿಗೆ ಹಿಂಸೆಯಾಗುತ್ತದೆಯೇ ಎಂಬುದರ ಮೇಲೆ. ರಾಜ್ಯ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು.

ಕೌಶಲ ಬೇರೆ, ಶ್ರಮ ಬೇರೆ

ನನಗೆ ತೋರುವ ಮಟ್ಟಿಗೆ ಈ ಚರ್ಚೆಯಲ್ಲಿ ಮೂರು ವಿಷಯಗಳು ಕಲೆಸಿಹೋಗಿವೆ. ಸ್ಪರ್ಧೆ, ದೇಹಕೌಶಲ ಮತ್ತು ದೇಹಶ್ರಮ.

ದೇಹಕೌಶಲವನ್ನು ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ಆಟಗಾರ ಬಾಯಲ್ಲಿ ಹೇಳಿ, ಬೇರೆಯವರು ಮಾಡಿದರೆ ಫಲಿತಾಂಶ ಬದಲಾಗುವುದೇ? ಚದುರಂಗದಲ್ಲಿ ಬದಲಾಗದು. ಕೈಯಾಡದವರ ಪರವಾಗಿ ಸಹಾಯಕರು ಕಾಯಿ ನಡೆಸಲು ಆ ಆಟದ ನಿಯಮಗಳೇ ಅವಕಾಶ ಕೊಟ್ಟಿವೆ. ರೈಫಲ್ ಶೂಟಿಂಗ್‌ನಲ್ಲಿ ಬದಲಾಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ನಿಂತಲ್ಲೇ ನಿಂತು ಚಿನ್ನ ಗೆದ್ದರು, ನಿಜ. ಆದರೆ ಹಾಗೆ ನಿಲ್ಲುವುದೇ ಅಲ್ಲಿಯ ವಿದ್ಯೆ. ಕೈ ನಡುಕವನ್ನೂ ಎದೆಬಡಿತವನ್ನೂ ತಗ್ಗಿಸುತ್ತವೆ ಎಂಬ ಕಾರಣಕ್ಕೆ, ನಾವು ರಕ್ತದೊತ್ತಡಕ್ಕೆ ಬರೆದುಕೊಡುವ ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಮಾತ್ರೆಗಳು ಶೂಟಿಂಗ್, ಬಿಲ್ಲುಗಾರಿಕೆಗಳಲ್ಲಿ ನಿಷಿದ್ಧ.

ಇದೇ ಪರೀಕ್ಷೆಯಲ್ಲಿ ಮೊಬೈಲ್, ಕಂಪ್ಯೂಟರ್ ಆಟಗಳ ಇ-ಸ್ಪೋರ್ಟ್ಸ್ ಚದುರಂಗಕ್ಕಿಂತ ಮುಂದೆ ಹೋಗುತ್ತದೆ! ಅಲ್ಲಿ ಬೆರಳಿನ ವೇಗವೇ ಸೋಲು ಗೆಲುವನ್ನು ತೀರ್ಮಾನಿಸುತ್ತದೆ. ನಮ್ಮ ಸರ್ಕಾರ 2022ರ ಡಿಸೆಂಬರಿನಲ್ಲಿ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕವೂ ಇತ್ತು. ಈಗ ತಾಯಂದಿರು ಮೊಬೈಲ್ ಕಿತ್ತುಕೊಂಡರೆ ಮಕ್ಕಳು "ಇದೂ ಸ್ಪೋರ್ಟ್ಸ್ ಅಮ್ಮಾ" ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಆಟದ ಮೇಲಿನ ಹಿಡಿತ ತಪ್ಪಿ ಓದು, ನಿದ್ದೆ, ಊಟ ಕೆಟ್ಟರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ ಎಂಬುದೂ ಸುಳ್ಳಲ್ಲ. ಇಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು.

ಇನ್ನು ಮೂರನೆಯದು ದೇಹಶ್ರಮ. ಇದಕ್ಕೆ ಸ್ಪರ್ಧೆಯೂ ಬೇಡ, ಪದಕವೂ ಬೇಡ. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸನ್ನು ಯಾರೂ ಕ್ರೀಡಾಪಟು ಎನ್ನುವುದಿಲ್ಲ. ಆದರೆ ಆಕೆಯ ದೇಹ ಪಟ್ಟ ಶ್ರಮವನ್ನು ದೇಹ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವೈದ್ಯನಾದ ನನಗೆ ಮುಖ್ಯವಾದದ್ದು ಈ ಲೆಕ್ಕ.

ಎದೆ ಬಡಿದುಕೊಂಡರೆ ಸಾಲದು

"ಚೆಸ್ ಆಡುವಾಗ ದಿನಕ್ಕೆ ಆರು ಸಾವಿರ ಕ್ಯಾಲೊರಿ ಖರ್ಚಾಗುತ್ತದಂತೆ, ಹೌದೇ?" ಎಂದು ಹಲವರು ಕೇಳುತ್ತಾರೆ. ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಈ ಸುದ್ದಿ ಓಡಾಡುತ್ತಿದೆ. ನಂಬಬೇಡಿ.

ನಮ್ಮ ಮಿದುಳಿನ ತೂಕ ದೇಹದ ಶೇಕಡಾ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಸುಮ್ಮನೆ ಕೂತಿದ್ದರೂ, ನಿದ್ದೆ ಮಾಡಿದರೂ ಅದು ಹೆಚ್ಚುಕಡಿಮೆ ಅಷ್ಟನ್ನೇ ತಿನ್ನುತ್ತದೆ. ಕಷ್ಟಪಟ್ಟು ಯೋಚಿಸಿದರೆ ಹೆಚ್ಚಾಗುವುದು ಅತ್ಯಲ್ಪ. 60 ಕೆ.ಜಿ. ತೂಕದ ವ್ಯಕ್ತಿ ಒಂದು ಗಂಟೆ ಸುಮ್ಮನೆ ಕೂತರೆ ಸುಮಾರು 60 ಕ್ಯಾಲೊರಿ, ಚದುರಂಗ ಆಡಿದರೆ ಸುಮಾರು 90, ಬಿರುಸಾಗಿ ನಡೆದರೆ 200ರಿಂದ 250, ಫುಟ್‌ಬಾಲ್ ಆಡಿದರೆ 400ರ ಸುತ್ತಮುತ್ತ ಖರ್ಚಾಗುತ್ತದೆ.

ದೊಡ್ಡ ಪಂದ್ಯಗಳಲ್ಲಿ ಆಟಗಾರರು ಬಳಲುವುದು ನಿಜ. ಕಾರ್ಪೋವ್ ಮತ್ತು ಕಾಸ್ಪರೋವ್ ನಡುವೆ 1984ರಲ್ಲಿ ಶುರುವಾದ ವಿಶ್ವ ಚಾಂಪಿಯನ್ ಪಂದ್ಯ ಐದು ತಿಂಗಳು ನಡೆದು, 48 ಆಟಗಳಾದರೂ ಮುಗಿಯದೆ, 1985ರ ಫೆಬ್ರವರಿಯಲ್ಲಿ ಆಟಗಾರರ ಬಳಲಿಕೆಯ ಕಾರಣ ಹೇಳಿ ನಿಲ್ಲಿಸಬೇಕಾಯಿತು. ಕಾರ್ಪೋವ್ ತುಂಬ ತೂಕ ಕಳೆದುಕೊಂಡಿದ್ದರೆಂದು ಆಗ ವರದಿಯಾಗಿತ್ತು. ಆದರೆ ಊಟ, ನಿದ್ದೆ ಬಿಟ್ಟು ಆತಂಕದಲ್ಲಿ ಇಳಿಯುವ ತೂಕ ಬೇರೆ, ವ್ಯಾಯಾಮದಿಂದ ಕರಗುವ ಬೊಜ್ಜು ಬೇರೆ.

ಆತಂಕದಲ್ಲಿ ಅಡ್ರಿನಲಿನ್ ಹರಿದು ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಆದರೆ ಕಾಲಿನ, ತೊಡೆಯ ಸ್ನಾಯುಗಳು ಕೆಲಸವಿಲ್ಲದೆ ಕೂತಿರುತ್ತವೆ. ಓಡುವಾಗ ಹಾಗಲ್ಲ. ಸ್ನಾಯುಗಳೇ ಆಮ್ಲಜನಕ ಕೇಳುತ್ತವೆ, ಅವುಗಳ ರಕ್ತನಾಳಗಳು ಹಿಗ್ಗುತ್ತವೆ, ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಕತ್ತು ಕಪ್ಪಾದ ಆ ಹುಡುಗನಿಗೆ ಬೇಕಾಗಿದ್ದ ಔಷಧ ಇದೇ. ಅದರ ಜೊತೆಗೆ, ನೆಗೆದಾಡುವ ಮಕ್ಕಳ ಮೂಳೆ ಗಟ್ಟಿಯಾಗುತ್ತದೆ. ಹೊರಗಿನ ಬೆಳಕಿನಲ್ಲಿ ಆಡುವುದು ಸಮೀಪದೃಷ್ಟಿ ದೋಷವನ್ನು ತಡೆಯಲು ನೆರವಾಗುತ್ತದೆ. ಚದುರಂಗದ ಮಣೆ ಇದಾವುದನ್ನೂ ಕೊಡಲಾರದು.

ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂಬ ಗಾದೆ ಇದೆಯಲ್ಲ, ಹಾಗೆ ಹೆಸರು ಸ್ಪೋರ್ಟ್ಸ್, ದಿನಕ್ಕೆ ನೂರು ಹೆಜ್ಜೆ ನಡಿಗೆಗೂ ಗತಿಯಿಲ್ಲ.

ಇದನ್ನು ದೊಡ್ಡ ಆಟಗಾರರು ಚೆನ್ನಾಗಿ ಅರಿತಿದ್ದಾರೆ. 1972ರ ವಿಶ್ವ ಚಾಂಪಿಯನ್ ಪಂದ್ಯಕ್ಕೆ ಸಿದ್ಧನಾಗುವಾಗ ಬಾಬಿ ಫಿಷರ್ ಈಜುತ್ತಿದ್ದ, ಟೆನಿಸ್ ಆಡುತ್ತಿದ್ದ. ಮ್ಯಾಗ್ನಸ್ ಕಾರ್ಲ್‌ಸನ್ ಅವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಗಂಟೆಗಟ್ಟಲೆ ಕೂತು ತಲೆ ಓಡಿಸಲು ಗಟ್ಟಿಯಾದ ದೇಹ ಬೇಕೆಂದು ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ಕೆಲವು ತಂದೆತಾಯಿಗಳಿಗೆ ಮತ್ತು ಆಟದ ಬಯಲಿಲ್ಲದೆ ನಾಲ್ಕು ಚೆಸ್ ಬೋರ್ಡ್ ತಂದಿಟ್ಟು "ಕ್ರೀಡಾ ಸೌಲಭ್ಯ ಇದೆ" ಎಂದು ಜಾಹೀರಾತು ಕೊಡುವ ಶಾಲೆಗಳಿಗೆ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಮೆಡಿಕಲ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ನಾನು ಕೇರಂ ಚಾಂಪಿಯನ್. ಕಪ್ಪು ಈಗಲೂ ಶೋಕೇಸಿನಲ್ಲಿದೆ. "ನಾನೂ ಕ್ರೀಡಾಪಟು" ಎಂಬ ಭ್ರಮೆಯಲ್ಲಿ ಇಪ್ಪತ್ತು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ನಲವತ್ತೊಂದನೆಯ ವಯಸ್ಸಿಗೆ ಸಕ್ಕರೆ ಗಡಿಯಂಚಿಗೆ ಬಂದು ನಿಂತಿತು. ಈಗ ಬೆಳಗ್ಗೆ ಐದೂವರೆಗೆ ಎದ್ದು ನಡೆಯುತ್ತಿದ್ದೇನೆ.

ಹಾಗೆಂದು ಬೆವರು ಸುರಿಸುವ ಕ್ರೀಡೆಯೆಲ್ಲ ಆರೋಗ್ಯಕ್ಕೆ ಒಳ್ಳೆಯದೆಂದೂ ಅಲ್ಲ. ಬಾಕ್ಸಿಂಗ್ ಕ್ರೀಡೆಯೇ ಎಂಬ ಬಗ್ಗೆ ಯಾರಿಗೂ ಸಂಶಯವಿಲ್ಲ. ತಲೆಗೆ ಬೀಳುವ ಪೆಟ್ಟು ಮಿದುಳಿಗೆ ಮಾಡುವ ಹಾನಿಯ ಬಗ್ಗೆಯೂ ಇಲ್ಲ. ಎಳೆಯ ವಯಸ್ಸಿನಲ್ಲೇ ವಿಪರೀತ ವೇಗದ ಬೌಲಿಂಗ್ ಮಾಡಿ ಬೆನ್ನುಮೂಳೆಯಲ್ಲಿ ಬಿರುಕು ತಂದುಕೊಂಡ ಹುಡುಗರಿದ್ದಾರೆ.

ನೀವು ಮಾಡಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಸರಳವಾಗಿದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಹೆಚ್ಚುವಂಥ ಚಟುವಟಿಕೆ ಬೇಕು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ. ಪಾಠ ಹೇಳದೆ ಗೊತ್ತುಮಾಡಿಕೊಳ್ಳುವ ಉಪಾಯವೂ ಇದೆ: ಆಡುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು.

ನಿಮ್ಮ ಮಗ ಅಥವಾ ಮಗಳು ಚದುರಂಗ ಆಡುತ್ತಿದ್ದರೆ ಖಂಡಿತ ಆಡಲಿ. ಏಕಾಗ್ರತೆ, ತಾಳ್ಮೆ, ಸೋಲನ್ನು ಒಪ್ಪಿಕೊಳ್ಳುವ ಗುಣ ಎಲ್ಲವನ್ನೂ ಅದು ಕಲಿಸುತ್ತದೆ. 18 ವರ್ಷದ ಗುಕೇಶ್ 2024ರಲ್ಲಿ ವಿಶ್ವ ಚಾಂಪಿಯನ್ ಆದಾಗ ನಾನೂ ಕುಣಿದಾಡಿದವನೇ. ಆದರೆ ಆ ಒಂದು ಗಂಟೆಯನ್ನು ಓದಿನ ಖಾತೆಗೆ ಹಾಕಿ, ಆಟದ ಖಾತೆಗೆ ಬೇಡ. ಖೋಖೋ, ಕಬಡ್ಡಿ, ಲಗೋರಿ, ಸೈಕಲ್, ಏನಾದರೂ ಇರಲಿ. ಅದಕ್ಕೆ ಪದಕ ಬರಬೇಕಾಗಿಲ್ಲ. ಶಾಲೆಯವರು ಚೆಸ್‌ಗೆ ಬೇರೆ ಪೀರಿಯಡ್ ಕೊಡಲಿ, ಪಿ.ಟಿ. ಪೀರಿಯಡ್ ಕಸಿಯದಿರಲಿ. ನನ್ನ ವೈದ್ಯ ಮಿತ್ರರು ಇಲ್ಲದ ಬೆನ್ನುನೋವಿಗೆ ಚೀಟಿ ಬರೆಯದಿರಲಿ.

ಮುನಿಸಿಕೊಂಡು ಹೋದ ಆ ತಂದೆ ಮೂರು ವಾರ ಬಿಟ್ಟು ಮತ್ತೆ ಬಂದರು. ತಾಯಿ ಹೇಳಿ ಕಳಿಸಿದ್ದರಂತೆ. ಹುಡುಗ ಈಗ ಪಿ.ಟಿ. ಪೀರಿಯಡ್ಡಿನಲ್ಲಿ ಖೋಖೋ ಆಡುತ್ತಾನೆ, ಸಂಜೆ ಚೆಸ್ ತರಗತಿಗೆ ಸೈಕಲ್ ತುಳಿದುಕೊಂಡು ಹೋಗುತ್ತಾನೆ. ತೂಕ ಮೂರು ಕೆ.ಜಿ. ಇಳಿದಿದೆ, ಇನ್ನೂ ಇಳಿಯಬೇಕು. ರಕ್ತದೊತ್ತಡ ತಹಬಂದಿಗೆ ಬರುತ್ತಿದೆ. ಕಳೆದ ತಿಂಗಳು ಬಂದಾಗ ಮೊಣಕಾಲು ತರಚಿತ್ತು. ಮೆಟ್ಟಿಲು ಹತ್ತಿ ಬಂದವನು ಕೂರದೆ ನಿಂತೇ ಮಾತಾಡಿದ.