ಒನಕೆಗೆ ಎರಡು ಕಣ್ಣು

"ಇದು ಯಾವೂರಿನ ಚಟ್ನಿಪುಡಿ ಅಂತ ಎಲ್ಲಿ ಗೊತ್ತಾಗುತ್ತಪ್ಪಾ?"

ಎರಡು ರಾತ್ರಿ ಕೂತು ನಾನು ಮಾಡಿಕೊಟ್ಟ ಲೇಬಲ್ ನೋಡಿ ಹೊಳಲ್ಕೆರೆಯ ಚಿಕ್ಕಮ್ಮ ಕೇಳಿದ್ದು ಇಷ್ಟೇ. ಹಸಿರು ಎಲೆ, ದುಂಡಗಿನ ಫಾಂಟು, ಕೆಳಗೆ 'ಹೋಮ್‌ಮೇಡ್'. ಇಂಥವು ಇಂಟರ್ನೆಟ್ಟಿನಲ್ಲಿ ಸಾವಿರ ಸಿಗುತ್ತವೆ. ಹಿರಿಯೂರಿನ ಹೈವೇ ಪಕ್ಕದ ಅಂಗಡಿಯವರು 40 ಪ್ಯಾಕೆಟ್ಟಿನಲ್ಲಿ 31 ವಾಪಸ್ ಕೊಟ್ಟಿದ್ದರು. ಚಿಕ್ಕಪ್ಪ ತೀರಿಕೊಂಡ ಮೇಲೆ ಆ ಮನೆ ನಡೀತಿರೋದೇ ಈ ಪುಡಿಯಿಂದ. ನನಗೆ ನಾಚಿಕೆಯಾಯಿತು.

ಆಮೇಲೆ ಆಫೀಸ್ ಕೆಲಸಕ್ಕೆ ಜಪಾನಿಗೆ ಹೋದೆ. ಒಂದು ಭಾನುವಾರ ಕ್ಯೋಟೋದಿಂದ ರೈಲು ಹತ್ತಿ ಹಿಕೋನೆ ಊರಿನ ಕೋಟೆ ನೋಡಲು ಹೊರಟೆ. ದುರ್ಗದ ಕಡೆಯವರಿಗೆ ಕೋಟೆ ಅಂದ್ರೆ ಕಾಲು ತಾನಾಗೇ ಎಳೆಯುತ್ತೆ. ಅಲ್ಲಿ ಜನ ಮುತ್ತಿದ್ದು ಮಾತ್ರ ಒಂದು ಬಿಳಿ ಬೆಕ್ಕಿನ ವೇಷವನ್ನು! ಹೆಸರು ಹಿಕೋನ್ಯಾನ್. 2007ರಲ್ಲಿ ನಡೆದ ಕೋಟೆಯ 400ನೇ ವರ್ಷದ ಉತ್ಸವಕ್ಕೆಂದು ಹುಟ್ಟಿದ ಮ್ಯಾಸ್ಕಾಟ್. ಜಪಾನಿನಲ್ಲಿ ಹೀಗೆ ಎಷ್ಟೋ ಊರುಗಳಿಗೆ ಒಂದೊಂದು ಗೊಂಬೆ. ಕುಮಾಮೊಟೊ ಪ್ರಾಂತ್ಯದ ಕಪ್ಪು ಕರಡಿ ಕುಮಾಮೊನ್ ಬಂದದ್ದು 2010ರಲ್ಲಿ. ಅನುಮತಿ ಪಡೆದರೆ ಅಲ್ಲಿನ ವ್ಯಾಪಾರಿಗಳು ಅದನ್ನು ದುಡ್ಡು ಕೊಡದೆ ಪ್ಯಾಕೆಟ್ ಮೇಲೆ ಹಾಕಿಕೊಳ್ಳಬಹುದು.

ಹಿಕೋನ್ಯಾನ್ ತಲೆ ಮೇಲಿರುವುದು ಕೆಂಪು ಶಿರಸ್ತ್ರಾಣ. ಹಿಕೋನೆ ಆಳಿದ ಮನೆತನದ ಸೈನಿಕರ ಬಣ್ಣ ಅದು. ಆ ಮನೆತನದ ದೊರೆಯೊಬ್ಬನನ್ನು ಬೆಕ್ಕೊಂದು ಕೈಬೀಸಿ ಕರೆದು ಸಿಡಿಲಿನಿಂದ ಉಳಿಸಿತು ಅಂತ ಕಥೆ.

ಊರಿಗೆ ಬಂದವನೇ ಓಬವ್ವನಿಗೆ ದೊಡ್ಡ ಕಣ್ಣು, ಗುಂಡು ಕೆನ್ನೆ ಬರೆದು ವಾಟ್ಸಾಪ್ ಮಾಡಿದೆ. ಚಿಕ್ಕಮ್ಮ ಕೂಡಲೇ ಫೋನ್ ಮಾಡಿದರು. "ಆಯಮ್ಮನ್ನ ಗೊಂಬೆ ಮಾಡಬ್ಯಾಡಪ್ಪ. ಊರು ಕಾಯೋಕೆ ಹೋಗಿ ಸತ್ತೋಳು."

ಆಗ ಹೊಳೆಯಿತು. ಹಿಕೋನೆಯವರೂ ದೊರೆಯನ್ನು ಗೊಂಬೆ ಮಾಡಿರಲಿಲ್ಲ. ಕಥೆಯೊಳಗಿನ ಬೆಕ್ಕು, ಶಿರಸ್ತ್ರಾಣ ಮಾತ್ರ ತಗೊಂಡಿದ್ದರು. ಕಿಂಡಿಯಲ್ಲಿ ನುಸುಳಿದ ಹೈದರಾಲಿ ಸೈನಿಕರಿಗೆ ಓಬವ್ವ ಎತ್ತಿದ್ದು ಕತ್ತಿಯಲ್ಲ, ಮನೆಯ ಒನಕೆ. ಅಂಥದ್ದೇ ಒಂದು ಚಿಕ್ಕಮ್ಮನ ಹಿತ್ತಲಲ್ಲಿದೆ. ಪುಡಿ ಕುಟ್ಟೋದು ಅದರಲ್ಲೇ.

ಒನಕೆಗೆ ಎರಡು ಕಣ್ಣು ಬರೆದೆ. ಹಿಂದೆ ಏಳು ಸುತ್ತಿನ ಕೋಟೆಗೆ ಏಳು ಗೆರೆ. ಬಣ್ಣ ಎರಡೇ: ದುರ್ಗದ ಬಂಡೆಯದು, ಒಣಮೆಣಸಿನಕಾಯಿಯದು. ಮೊಬೈಲ್‌ನಲ್ಲಿ ಉಗುರಿನಷ್ಟು ಚಿಕ್ಕದು ಮಾಡಿದರೂ ಒನಕೆ ಅಂತ ಗೊತ್ತಾಗಬೇಕು, ಅದೊಂದೇ ಟೆಸ್ಟಿಂಗ್. ಪ್ಯಾಕೆಟ್ ಹಿಂದೆ ಒಂದು ಸಾಲು: 'ಶೇಂಗಾ ಚಿತ್ರದುರ್ಗದ್ದು, ಕೊಬ್ಬರಿ ಹೊಸದುರ್ಗದ್ದು, ಕುಟ್ಟಿದ್ದು ಹೊಳಲ್ಕೆರೆಯಲ್ಲಿ.'

ಅದೇ ಹಿರಿಯೂರಿನ ಅಂಗಡಿಗೆ ಮತ್ತೆ 40 ಪ್ಯಾಕೆಟ್ ಹೋಯಿತು. ಕಳೆದ ವಾರ ಚಿಕ್ಕಮ್ಮನ ಫೋನು: "ಐದೇ ಉಳಿದಾವಂತೆ, ಇನ್ನೂ ಕಳ್ಸಿ ಅಂದ್ರು."

ಎಲ್ಲ ಲೇಬಲ್‌ನಿಂದಲೇ ಅಂತ ನಾನು ಹೇಳಲ್ಲ. ಪುಡಿ ಮೊದಲೂ ಚೆನ್ನಾಗೇ ಇತ್ತು. ನೀವೂ ಈ ಸಲ ಊರಿಗೆ ಹೋದಾಗ ಒಂದು ದಿನ ಟೂರಿಸ್ಟ್ ಥರ ಓಡಾಡಿ, ಹಿತ್ತಲಿಗೂ ಒಂದು ಸುತ್ತು ಹಾಕಿ.