ಮದುವೆಯಾಗದೆ ಮನೆಯಾಗಬಹುದೇ?

ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲವೆಂದು ಮದ್ರಾಸ್ ಹೈಕೋರ್ಟು 2025ರ ಮೇ 22ರಂದು ಹೇಳಿದ ಮಾತು ತಮಿಳುನಾಡಿನ ಗಡಿಯಾಚೆಯವರೂ ಗಮನಿಸತಕ್ಕದ್ದಾಗಿದೆ. ತನ್ನ ಗೆಳತಿಯನ್ನು ಅವಳ ಮನೆಯವರು ಕೂಡಿಹಾಕಿದ್ದಾರೆಂದು ಯುವತಿಯೊಬ್ಬಳು ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದ್ದಳು. ನ್ಯಾಯಮೂರ್ತಿಗಳಾದ ಜಿ.ಆರ್. ಸ್ವಾಮಿನಾಥನ್ ಮತ್ತು ವಿ. ಲಕ್ಷ್ಮೀನಾರಾಯಣನ್ ಅವರು 25 ವರ್ಷದ ಆ ಹೆಣ್ಣುಮಗಳ ಇಷ್ಟವನ್ನು ಅವಳ ಬಾಯಿಂದಲೇ ಕೇಳಿ ತಿಳಿದು, ಗೆಳತಿಯೊಂದಿಗೆ ಹೋಗಲು ಅನುಮತಿ ಕೊಟ್ಟರು. ಇಂತಹುದೇ ಅರ್ಜಿಯೊಂದರಲ್ಲಿ ನಮ್ಮ ಕೇರಳದ ಹೈಕೋರ್ಟು 2022ರ ಮೇ 31ರಂದು ಇಬ್ಬರು ಯುವತಿಯರಿಗೆ ಒಟ್ಟಿಗೆ ಬಾಳಲು ಬಿಟ್ಟಿತ್ತು.

ಹಾಗೆಂದು ಇವರು ಕಾನೂನಿನ ಕಣ್ಣಿಗೆ ದಂಪತಿಗಳಲ್ಲ. ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಾರಿತು. ಆದರೆ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸನಸಭೆಯ ಕೆಲಸ, ತನ್ನದಲ್ಲವೆಂದು 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ವಿವಾಹವಲ್ಲದಿದ್ದರೂ ಒಂದು ಬಗೆಯ ಸಹಜೀವನದ ಹಕ್ಕನ್ನು ಮನ್ನಿಸಬೇಕೆಂದವರು ಇಬ್ಬರೇ. ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು. ಒಟ್ಟಿಗೆ ಬಾಳಬಹುದು, ಆದರೆ ಬಾಳಿದ್ದಕ್ಕೆ ದಾಖಲೆ ಇಲ್ಲ ಎಂಬ ಈ ನಡುದಾರಿಯ ಅವಸ್ಥೆಯೇ ಈಗಿನ ಪ್ರಶ್ನೆ.

ದಾಖಲೆಯಿಲ್ಲದಿದ್ದರೆ ಏನಾಗುತ್ತದೆ? ನೀಲಗಿರಿಯ ಅವಲಾಂಚ್‌ನಂತಹ ದೂರದ ಊರಿನಲ್ಲಿ ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಉಂಡ ಇಬ್ಬರು ಹೆಂಗಸರಿದ್ದಾರೆಂದು ಭಾವಿಸೋಣ. ಒಬ್ಬಳಿಗೆ ಕಾಯಿಲೆ ಜೋರಾಗಿ ಉದಕಮಂಡಲದ ಆಸ್ಪತ್ರೆಗೆ ಒಯ್ದರೆ ಶಸ್ತ್ರಕ್ರಿಯೆಯ ಕಾಗದಕ್ಕೆ ಸಹಿ ಹಾಕಬೇಕಾದವರು ಯಾರು? ಅವಳು ಉಯಿಲು ಬರೆಯದೆ ತೀರಿಕೊಂಡರೆ ಇಬ್ಬರೂ ಸೇರಿ ಕಟ್ಟಿದ ಮನೆಯಲ್ಲಿ ಅವಳ ಪಾಲು ಅವಳ ರಕ್ತಸಂಬಂಧಿಗಳಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಅತ್ತ ತಲೆಹಾಕದವರೇ ಆ ಸಂಬಂಧಿಗಳಾಗಿರಬಹುದು. ಉಳಿದವಳು ಕಾನೂನಿನ ದೃಷ್ಟಿಯಲ್ಲಿ ಬರೇ ನೆರೆಯವಳು.

ವಿಚಿತ್ರವೆಂದರೆ ಅದೇ ಬೆಟ್ಟಗಳಲ್ಲಿ ಮದುವೆಯೆಂಬುದು ಎಂದೂ ಒಂದೇ ಅಚ್ಚಿನದಾಗಿರಲಿಲ್ಲ. ಅಲ್ಲಿಯ ತೋಡರಲ್ಲಿ ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಮಡದಿ ಇದ್ದದ್ದನ್ನೂ, ಬಸುರಿಗೆ ಬಿಲ್ಲು ಕೊಡುವ ಶಾಸ್ತ್ರ ಮಾಡಿದವನೇ ಮಗುವಿಗೆ ತಂದೆಯೆನಿಸುತ್ತಿದ್ದುದನ್ನೂ ರಿವರ್ಸ್ ಎಂಬ ವಿದ್ವಾಂಸ 1906ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸದ ಹೊರತು 1955ರ ಹಿಂದೂ ವಿವಾಹ ಕಾಯಿದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಪದ್ಧತಿ ಬೇರೆಯಾಗಿದ್ದರೆ ಕಾನೂನು ದಾರಿ ಬಿಟ್ಟ ಉದಾಹರಣೆ ಉಂಟು.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ನಮ್ಮ ನೆರೆಯ ಮಲಬಾರಿನ ಸಂಬಂಧಂ ಪದ್ಧತಿಯನ್ನು ಅಂದಿನ ನ್ಯಾಯಾಲಯಗಳು ಮದುವೆಯೆಂದು ಒಪ್ಪುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಗಂಡ ಕೋರ್ಟಿನ ಮೆಟ್ಟಲೇರಿದರೆ ಗಂಡನಲ್ಲ! 1896ರ ಮಲಬಾರ್ ವಿವಾಹ ಕಾಯಿದೆ ನೋಂದಣಿಗೆ ಅವಕಾಶ ಕೊಟ್ಟರೂ ಮುಂದೆ ಬಂದವರು ತೀರಾ ವಿರಳ. ಮದ್ರಾಸ್ ಮರುಮಕ್ಕತ್ತಾಯಂ ಕಾಯಿದೆ 1933ರಲ್ಲಿ ಜಾರಿಗೆ ಬಂದ ಮೇಲಷ್ಟೇ ಆ ಬಾಳುವೆಗೆ ಕಾನೂನಿನ ಹೆಸರು ದೊರೆಯಿತು. ಪುರೋಹಿತರಿಲ್ಲದೆ ಹಾರ ಬದಲಾಯಿಸಿ ಆಗುತ್ತಿದ್ದ ಸ್ವಾಭಿಮಾನ ವಿವಾಹಗಳ ಕತೆಯೂ ಇದೇ. ಅವು ಸಿಂಧುವಲ್ಲವೆಂದು ಕೋರ್ಟು ಹೇಳಿತ್ತು. ಅಣ್ಣಾದುರೈ ಸರಕಾರ 1967ರಲ್ಲಿ ತಿದ್ದುಪಡಿ ತಂದು ಹಿಂದೆ ಆಗಿಹೋದವನ್ನೂ ಸೇರಿಸಿ ಮಾನ್ಯ ಮಾಡಿತು. ಜನ ಮೊದಲು ಬಾಳಿದರು, ಕಾನೂನು ಹಿಂದಿನಿಂದ ಬಂತು.

ಏಷ್ಯಾದ ಇತರ ಕಡೆ ಈ ಹಿಂದಿನಿಂದ ಬರುವ ಕೆಲಸ ಬೇರೆ ಬೇರೆ ವೇಗದಲ್ಲಿ ನಡೆದಿದೆ. ತೈವಾನ್ 2019ರ ಮೇ 24ರಿಂದ ಸಲಿಂಗ ವಿವಾಹಗಳನ್ನು ನೋಂದಾಯಿಸಿತು. ಅಲ್ಲಿ ಕೋರ್ಟು ಎರಡು ವರ್ಷದ ಗಡುವು ಕೊಟ್ಟಿತ್ತು, ಶಾಸನಸಭೆ ಪಾಲಿಸಿತು. ಥಾಯ್ಲೆಂಡಿನಲ್ಲಿ ಸಂಸತ್ತೇ ಕಾನೂನು ಮಾಡಿ 2025ರ ಜನವರಿ 23ರಂದು ಜಾರಿಗೆ ತಂದಿತು. ನೇಪಾಳದಲ್ಲಿ ಸರ್ವೋಚ್ಚ ನ್ಯಾಯಾಲಯದ ಮಧ್ಯಂತರ ಆದೇಶದ ಬಲದಿಂದ 2023ರ ನವೆಂಬರಿನಲ್ಲಿ ಲಮಜುಂಗ್ ಜಿಲ್ಲೆಯಲ್ಲಿ ಮೊದಲ ನೋಂದಣಿಯಾಯಿತು. ಹಾಂಗ್‌ಕಾಂಗಿನ ಪಾಠ ಬೇರೆ. ಪರ್ಯಾಯ ವ್ಯವಸ್ಥೆಯೊಂದನ್ನು ಮಾಡಿಕೊಡಿರೆಂದು ಅಲ್ಲಿಯ ಅತ್ಯುನ್ನತ ನ್ಯಾಯಾಲಯ 2023ರ ಸೆಪ್ಟೆಂಬರಿನಲ್ಲಿ ಎರಡು ವರ್ಷ ಕೊಟ್ಟಿತು. ಸರಕಾರ ತಂದ ಸೀಮಿತ ಮಸೂದೆಯನ್ನು ಶಾಸನಸಭೆ 2025ರ ಸೆಪ್ಟೆಂಬರ್ 10ರಂದು ತಳ್ಳಿಹಾಕಿತು. ಕೋರ್ಟಿನ ತೀರ್ಪು ಎಷ್ಟೇ ಗಟ್ಟಿಯಾಗಿದ್ದರೂ ಶಾಸಕರ ಮನಸ್ಸಿಲ್ಲದಿದ್ದರೆ ಕಾಗದದಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಸಂಸತ್ತು ಈ ವಿಷಯಕ್ಕೆ ಕೈಹಾಕೀತೆಂದು ಈ ಲೇಖಕನಿಗೆ ಸದ್ಯ ನಂಬಿಕೆಯಿಲ್ಲ. ಆದುದರಿಂದಲೇ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ 2023ರ ನವೆಂಬರಿನಲ್ಲಿ ತಮಿಳುನಾಡು ಸರಕಾರದ ಮುಂದಿಟ್ಟ ಸೂಚನೆ ವ್ಯಾವಹಾರಿಕವಾಗಿ ಕಾಣುತ್ತದೆ. ಇಬ್ಬರು ವಯಸ್ಕರು ತಾವು ಒಂದು ಕುಟುಂಬವೆಂದು ಪತ್ರ ಮಾಡಿಕೊಂಡು ನೋಂದಾಯಿಸುವ ಏರ್ಪಾಡನ್ನು ಪರಿಶೀಲಿಸಿರಿ ಎಂಬುದೇ ಆ ಸೂಚನೆ. ಮದುವೆ ಪವಿತ್ರ ಸಂಸ್ಕಾರವೆನ್ನುವ ಹಿರಿಯರಿಗೂ ಇದರಿಂದ ಕಳೆದುಕೊಳ್ಳುವುದೇನಿಲ್ಲ. ಆಸ್ಪತ್ರೆಯ ಸಹಿಗೆ ಹೋಮಕುಂಡದ ಸಾಕ್ಷಿ ಬೇಡ. ಆದರೆ ಇದರ ಮಿತಿಯನ್ನೂ ಹೇಳಬೇಕು: ಪತ್ರವೊಂದು ಉತ್ತರಾಧಿಕಾರದ ಕಾನೂನನ್ನು ಬದಲಿಸಲಾರದು, ಕುಟುಂಬ ಪಿಂಚಣಿಯನ್ನೂ ತಾನಾಗಿ ಕೊಡಿಸಲಾರದು.

ಅಲ್ಲಿಯ ತನಕ ಕೈಗೆಟಕುವುದು ಕೆಲವು ಸಣ್ಣ ಸೌಲಭ್ಯಗಳು ಮಾತ್ರ. ಇಂತಹ ಜೋಡಿಗಳನ್ನು ರೇಶನ್ ಕಾರ್ಡಿನ ಮಟ್ಟಿಗೆ ಒಂದೇ ಮನೆಯವರೆಂದು ಪರಿಗಣಿಸಲು ಕೇಂದ್ರ ಸರಕಾರ ರಾಜ್ಯಗಳಿಗೆ ಬರೆದಿದೆ. ಜಂಟಿ ಬ್ಯಾಂಕ್ ಖಾತೆಗೂ ನಾಮನಿರ್ದೇಶನಕ್ಕೂ ಅಡ್ಡಿಯಿಲ್ಲವೆಂದು 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಆದರೆ ನಾಮನಿರ್ದೇಶಿತ ವ್ಯಕ್ತಿ ಹಣ ಪಡೆಯಬಹುದೇ ಹೊರತು ಸಾಮಾನ್ಯವಾಗಿ ಅದರ ಒಡೆಯನಾಗುವುದಿಲ್ಲ. ಮನೆಯಲ್ಲಿ, ಬಳಗದಲ್ಲಿ ಇಂತಹ ಜೋಡಿಯಿದ್ದು ಅವರ ಒಳಿತು ಬಯಸುವವರು ಬ್ಯಾಂಕಿನ ಫಾರಮಿನಲ್ಲಿ ಹೆಸರು ಬರೆದು ಸುಮ್ಮನಾಗದೆ, ಇಬ್ಬರಿಂದಲೂ ಉಯಿಲು ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಡುವುದು ಮೇಲು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ನಾಳೆ ತಕರಾರೆದ್ದರೆ ನೋಂದಾಯಿಸಿದ ಕಾಗದಕ್ಕೆ ಬಲ ಜಾಸ್ತಿ.